ಕೆಪಿಟಿ, ಇಳಿಯುವವರು

ಮೊದಲ ಆಯ್ಕೆ ಯಾವುದೆಂದು ಫಾರ್ಮು ಕೇಳಿತ್ತು.
ಅಪ್ಪನ ಕಿಸೆಯ ಪೆನ್ನು ತೆಗೆದು ನಾನೇ ತುಂಬಿಸಿದೆ.
ಬೋಟುಗಳೆಲ್ಲ ದಕ್ಕೆಯಲ್ಲಿ ಮೈಗೆ ಮೈ ತಾಗಿಸಿ
ಸುಮ್ಮನೆ ನಿಂತ ಜೂನ್ ತಿಂಗಳು.
ಬಲೆ ನೀರಿಗಿಳಿಯದ ಹೊತ್ತಿಗೇ ಯಾಕೋ
ಈ ಲೋಕದ ಫೀಸುಗಳೆಲ್ಲ ಕಟ್ಟಬೇಕಾಗುವುದು.

"ತೊಂಬತ್ತೊಂದು ಪರ್ಸೆಂಟ್ ಇಟ್ಟುಕೊಂಡು ಡಿಪ್ಲೊಮಾವಾ?"
ಹರಿವೆ ಬಿಡಿಸುತ್ತಿದ್ದ ದೊಡ್ಡಮ್ಮನ ಕೈ ನಿಂತಿತು,
ಯಾರೋ ತೀರಿಕೊಂಡ ಸುದ್ದಿ ಬಂದ ಹಾಗೆ.
ವಿವರಿಸಿದೆ: ಮೂರು ವರ್ಷ ಪಾಲಿಟೆಕ್ನಿಕ್ಕು,
ಆಮೇಲೊಂದು ಪರೀಕ್ಷೆ, ಆಮೇಲೆ
ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ.
ಎಲ್ಲ ಕಡೆ ತೆಗೆದುಕೊಳ್ಳುವುದಿಲ್ಲ, ಅದನ್ನೂ ಹೇಳಿದೆ,
ಸುಳ್ಳು ಯಾಕೆ.
"ಓ, ಬದಿಯ ಬಾಗಿಲು" ಎಂದರು.

ಬದಿಯ ಬಾಗಿಲೇ, ದೊಡ್ಡಮ್ಮ.
ಈಗ ನೀವು ಯಾವುದರಿಂದ ಬಂದಿರಿ?
ಎದುರಿನ ಜಗಲಿ ತುಂಬ ಬಲೆಯ ರಾಶಿ.
ಮದುವೆ ಕಾಗದ ಹಿಡಿದು ಬಂದವರೂ
ನಲ್ಲಿಯ ಹತ್ತಿರ ಕಾಲು ತೊಳೆದು
ಅಡಿಗೆಕೋಣೆಯಿಂದಲೇ ಒಳಗಾಗುವುದು.
ಚಾ ಕುಡಿಯುವಾಗ ಯಾರೂ ಕೇಳುವುದಿಲ್ಲ
ಎಲ್ಲಿಂದ ನುಗ್ಗಿದಿರಿ ಅಂತ.

ಇದನ್ನು ಹೇಳಲಿಲ್ಲ.
ಹೇಳಬೇಕಾಗಿದ್ದದ್ದೆಲ್ಲ ನನಗೆ ಹೊಳೆಯುವುದು
ಬೆಂಗ್ರೆಯ ದೋಣಿ ಅರ್ಧ ಹೊಳೆ ದಾಟಿದ ಮೇಲೆ.

ಜೆನಿಟಾ ಡೇಸಾ ಪಿಯುಸಿಗೆ ಸೇರಿದಳು,
ಬೆಳಿಗ್ಗೆ ಆರಕ್ಕೊಂದು ಟ್ಯೂಷನ್, ಸಂಜೆ ಇನ್ನೊಂದು.
ಐದು ವರ್ಷ ಒಂದೇ ಬೆಂಚು ನಮ್ಮದು.
"ನೀನೂ ಬರಬಹುದಿತ್ತಲ್ಲ ಮಾರಾಯ್ತಿ" ಎಂದಾಗ
ಗಂಟಲಲ್ಲಿ ಒಂದು ಮುಳ್ಳು.
ಬೂತಾಯಿಯದ್ದಲ್ಲ,
ಅನ್ನದ ಉಂಡೆ ನುಂಗಿದರೆ ಇಳಿಯುವಂಥದ್ದಲ್ಲ.

ಅಮ್ಮ ಲೆಕ್ಕ ಹಾಕಿದ್ದು ಸಿಗಡಿಯಲ್ಲಿ.
ಒಂದು ಕಿಲೋ ಸುಲಿದರೆ ಇಷ್ಟು,
ಅಲ್ಲಿಯ ಒಂದು ವರ್ಷಕ್ಕೆ ಇಷ್ಟು ಕಿಲೋ,
ಇಲ್ಲಿಯದ್ದಕ್ಕೆ ಇಷ್ಟು.
ರಜೆಯಲ್ಲೂ ಬೆಳ್ಳಗೇ ಉಳಿದ ಬೆರಳುಗಳನ್ನು
ಒಂದು ಸಲ ಬಿಡಿಸಿ ನೋಡಿ
"ಇಲ್ಲಿಯದ್ದು ಮಾಡಬಹುದು" ಎಂದಳು.
ಅಲ್ಲಿಯದ್ದು ಆಗುವುದಿಲ್ಲ ಎಂದು
ಅವಳ ಬಾಯಲ್ಲಿ ಬರಲೇ ಇಲ್ಲ.

ದುಡ್ಡಿಗಾಗಿ ಮಾತ್ರ ಅಂದರೂ ಪೂರ್ತಿ ನಿಜವಲ್ಲ.
ಐಸ್ ಪ್ಲಾಂಟಿನ ಆ ಹಳೇ ಕಂಪ್ರೆಸರ್ ಉಂಟಲ್ಲ,
ಆರನೇ ಕ್ಲಾಸಿನಿಂದ ಅದರ ಹತ್ತಿರ ನಿಂತವಳು ನಾನು.
ಇಷ್ಟು ಬಿಸಿ ಉಸಿರು ಬಿಡುವುದು
ಅಷ್ಟು ತಣ್ಣಗಿನದ್ದನ್ನು ಹೇಗೆ ಹೆರುತ್ತದೆ?
ಕೇಳಿದರೆ ಫಿಟ್ಟರ್ ಮೋನಪ್ಪಣ್ಣ
"ಅದು ಹಾಗೆಯೇ" ಎಂದು ನಗುತ್ತಾರೆ.
ಇನ್ನೆರಡು ವರ್ಷ ಪುಸ್ತಕದಲ್ಲಿ ಚಿತ್ರ ನೋಡುವ ತಾಳ್ಮೆ ನನಗಿಲ್ಲ.
ಸ್ಪ್ಯಾನರ್ ಮೊದಲು ಸಿಗಲಿ,
ಸೂತ್ರ ಹಿಂದಿನಿಂದ ಬಂದು ಸೇರಿಕೊಳ್ಳಲಿ.

ಆಗಸ್ಟು. ದೋಣಿ, ಬಂದರು, ಸ್ಟೇಟ್‌ಬ್ಯಾಂಕ್, ಸಿಟಿ ಬಸ್ಸು.
"ಕೆಪಿಟಿ, ಕೆಪಿಟಿ, ಇಳಿಯುವವರು ಮುಂದೆ ಬನ್ನಿ!"
ಊರಿಗೆ ಅದೊಂದು ಸ್ಟಾಪು,
ಬಸ್ಸು ಬದಲಿಸುವವರ ಜಾಗ.
ಆ ಮೂರಕ್ಷರದ ಹಿಂದೆ ಒಂದು ಕಾಲೇಜು ಉಂಟೆಂದು
ಎಷ್ಟೋ ಜನಕ್ಕೆ ಮರೆತೇ ಹೋಗಿದೆ.
ನನ್ನೊಟ್ಟಿಗೆ ಇಳಿದವರು
ಕೊಡೆ ಬಿಡಿಸಿ ಮುಂದಿನ ಬಸ್ಸಿನ ದಾರಿ ನೋಡಿದರು.
ನಾನು ಗೇಟಿನ ಕಡೆ ತಿರುಗಿದೆ.
ನನ್ನ ಮುಂದಿನ ಬಸ್ಸು
ಇನ್ನು ಮೂರು ವರ್ಷಕ್ಕೆ. ಬಂದರೆ.

ಮೊದಲ ದಿನ ವರ್ಕ್‌ಶಾಪಿನಲ್ಲಿ ಕೊಟ್ಟದ್ದು
ಒಂದು ಅರ, ಒಂದು ಕಬ್ಬಿಣದ ತುಂಡು.
ಚೌಕ ಮಾಡು ಎಂದರು.
ಸಂಜೆಯವರೆಗೆ ಉಜ್ಜಿದೆ, ಒಂದು ಮೂಲೆ
ಕೊನೆಗೂ ಮಾತು ಕೇಳಲಿಲ್ಲ.

ವಾಪಸು ದೋಣಿಯಲ್ಲಿ ಅಮ್ಮ ಸಿಕ್ಕಿದಳು.
ನನ್ನ ಅಂಗೈ ಎಳೆದುಕೊಂಡು ಮೂಸಿ
"ಛೀ, ಎಂತ ವಾಸನೆ ಇದು!" ಎಂದಳು,
ಇಡೀ ದಿನ ಸಿಗಡಿ ಸುಲಿದ ಕೈಯಲ್ಲಿ
ಮೂಗು ಮುಚ್ಚಿಕೊಂಡು.